ವಯಸ್ಸಿನೊಂದಿಗೆ ಬದಲಾಗುವ ಗಾಳದ ಹುಚ್ಚು

ಬಾಗಲಕೋಟೆಯ ಹಿರಿಯರೇ, ತಾಯಂದಿರೇ, ಗಾಳದ ಹುಚ್ಚಿನ ತಮ್ಮಂದಿರೇ,

ಘಟಪ್ರಭೆಯ ದಂಡೆಯಲ್ಲಿ ಗಾಳ ಹಾಕಿ ಕೂತವರ ವಯಸ್ಸು ತಿಳಿಯಲು ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟ ಬೆಂಡು ನೋಡಿದರೆ ಸಾಕು. ಬೆಂಡು ನಡುಗಿದ ಕೂಡಲೇ ಕೋಲು ಎತ್ತಿದರೆ ಕೂತವನು ಹುಡುಗ. ಮೀನು ಇನ್ನೂ ತುಟಿಯಲ್ಲೇ ಹಿಟ್ಟು ಚೀಪುತ್ತಿರುತ್ತದೆ, ಗಾಳದ ಮೊನೆ ಬಾಯೊಳಗೆ ಹೋಗಿರುವುದಿಲ್ಲ. ಬೆಂಡು ಅಡ್ಡ ಓಡಿ ಮುಳುಗುವವರೆಗೆ ತಡೆದು, ಮಣಿಕಟ್ಟನ್ನಷ್ಟೇ ತಿರುಗಿಸಿ ಎಳೆಯುವವನು ಹತ್ತಾರು ಮಳೆಗಾಲ ಕಂಡವನು.

ಹುಡುಗರ ಗಾಳಕ್ಕೆ ಖರ್ಚಿಲ್ಲ. ಆರಡಿ ಬಿದಿರು, ಅಷ್ಟೇ ಉದ್ದದ ತಂಗೂಸಿ (ನೈಲಾನ್ ದಾರ), ಒಣಗಿದ ಜೋಳದ ದಂಟಿನ ಬೆಂಡು, ಎರೆಹುಳು. ಹುಳುವನ್ನು ಇಡಿಯಾಗಿ ಜೋತು ಬಿಟ್ಟರೆ ಮೀನು ಬಾಲ ಕಿತ್ತುಕೊಂಡು ಹೋಗುತ್ತದೆ; ಮೊನೆ ಮುಚ್ಚುವಷ್ಟು ತುಂಡು ಸಾಕು. ಆ ವಯಸ್ಸಿಗೆ ಸಿಕ್ಕಿತೋ ಇಲ್ಲವೋ ಎಂಬುದೊಂದೇ ಚಿಂತೆ.

ಇಪ್ಪತ್ತು ದಾಟಿದ ಮೇಲೆ ಮಾತು ಕೆ.ಜಿ. ಲೆಕ್ಕಕ್ಕೆ ಬರುತ್ತದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿನ ಪೂರ್ತಿ ಮಟ್ಟಕ್ಕೆ ನಿಂತಾಗ ಹಿನ್ನೀರು ಈ ಚಟಕ್ಕೆ ಹೇಳಿ ಮಾಡಿಸಿದ ಜಾಗ. ನಿಂತ ನೀರು ಕಟ್ಲಾಕ್ಕೆ ಒಗ್ಗುತ್ತದೆ. ಅದು ಮೂಲದಲ್ಲಿ ಗಂಗೆಯ ಬಯಲಿನ ಮೀನು, ದಕ್ಷಿಣದ ಜಲಾಶಯಗಳಿಗೆ ಮರಿ ತಂದು ಬಿಟ್ಟದ್ದು. ಅದರ ಬಾಯಿ ಮೇಲ್ಮುಖ, ಮೇಯುವುದು ಮೇಲ್ನೀರಿನಲ್ಲಿ. ರೋಹು ನಡುನೀರಿನದು, ಮೃಗಾಲ್ ತಳದ ಕೆಸರಿನದು. ತಳಕ್ಕೆ ಗಾಳ ಬಿಟ್ಟು, ಕಟ್ಲಾ ಬರಲಿಲ್ಲವೆಂದು ಹಣೆಬರಹ ಬೈಯುವವರು ಬಹಳ ಮಂದಿ.

ಇನ್ನು ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಮಾತು. ಜೋಳದ ಹಿಟ್ಟಿಗೆ ಜಿಗುಟಿಲ್ಲ, ತಣ್ಣೀರಲ್ಲಿ ಕಲಸಿದರೆ ಎಸೆದ ಏಟಿಗೇ ಉದುರುತ್ತದೆ. ಎರಡು ಪಾಲು ಜೋಳದ ಹಿಟ್ಟು, ಒಂದು ಪಾಲು ಗೋದಿ ಹಿಟ್ಟು, ಒಂದು ಪಾಲು ಪುಡಿ ಮಾಡಿದ ಶೇಂಗಾ ಹಿಂಡಿ ಕೂಡಿಸಿ, ರೊಟ್ಟಿಗೆ ಮಾಡುವಂತೆ ಎಸರು ಹಾಕಿ ನಾದಿ. ಉಂಡೆ ನೀರಲ್ಲಿ ಹತ್ತು ನಿಮಿಷ ನಿಂತು ಆಮೇಲೆ ಕರಗಬೇಕು. ತೀರ ಗಟ್ಟಿಯಾದರೆ ಎಳೆದಾಗ ಮೊನೆ ಹಿಟ್ಟಿನಿಂದ ಹೊರಬರದೆ ಬಾಯಿಗೆ ನಾಟುವುದಿಲ್ಲ.

ದೊಡ್ಡ ಮೀನು ತಪ್ಪಿಸಿಕೊಂಡರೆ ಮೊದಲು ಗಂಟು ನೋಡಿ. ಗಾಳದ ಕಣ್ಣಿಗೆ ದಾರ ಪೋಣಿಸಿ, ಐದಾರು ಸುತ್ತು ಹಾಕಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಎಂಜಲು ಹಚ್ಚಿ ಬಿಗಿಯಬೇಕು. ಒಣದಾರ ಬಿಗಿದರೆ ಉಜ್ಜಿದ ಕಾವಿಗೆ ನೈಲಾನ್ ಅಲ್ಲೇ ಸೊರಗುತ್ತದೆ.

ನಲವತ್ತೈದರ ಆಚೆ ತೂಕದ ಮಾತು ಕಡಿಮೆಯಾಗುತ್ತದೆ. ಇದನ್ನು ವೈರಾಗ್ಯ ಎನ್ನುವ ಮುಂಚೆ ಚಾಳೀಸು ಬಂದಿದೆಯೇ ನೋಡಿಕೊಳ್ಳಿ. ಸಂಜೆಬೆಳಕಿನಲ್ಲಿ ದಾರ ಪೋಣಿಸಲಾಗದ ತ್ರಾಸಿಗೇ ಎಷ್ಟೋ ಜನ ಗಾಳ ಬಿಟ್ಟಿದ್ದಾರೆ. ಮನೆಯಲ್ಲೇ ಹಗಲು ಹೊತ್ತಿನಲ್ಲಿ ಆರೇಳು ಗಾಳ ಕಟ್ಟಿ ಥರ್ಮಾಕೋಲಿಗೆ ಸುತ್ತಿಟ್ಟರೆ ಇನ್ನೂ ಇಪ್ಪತ್ತು ವರ್ಷ ಸಾಗುತ್ತದೆ.

ಹಿಡಿದ ಮೀನನ್ನು ಬಿಟ್ಟುಬಿಡುವ ಆಸೆ ಹುಟ್ಟುವುದೂ ಈ ವಯಸ್ಸಿನಲ್ಲೇ. ಅಂಬಿಗರ ಮನೆಯ ಲೆಕ್ಕ ಬೇರೆ, ಬಲೆ ಅವರ ಹೊಟ್ಟೆಪಾಡು; ಅವರಿಗೆ ಉಪದೇಶ ಮಾಡುವ ಹಕ್ಕು ಹವ್ಯಾಸಿಗಿಲ್ಲ. ಹವ್ಯಾಸಿ ಬಿಡುವುದಾದರೆ ನೆಟ್ಟಗೆ ಬಿಡಲಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಅಲ್ಲಿಗೆ ಬೂಷ್ಟು ಹಿಡಿಯುತ್ತದೆ. ಕೈ ಒದ್ದೆ ಮಾಡಿಕೊಳ್ಳಿ, ಕಿವಿರಿಗೆ ಬೆರಳು ಹಾಕಬೇಡಿ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಬಿಟ್ಟರೆ ಸಲೀಸಾಗಿ ಬಿಚ್ಚುತ್ತದೆ; ಎಳೆಯುವಾಗ ದಾರ ಮಾತ್ರ ಸಡಿಲಬಾರದು. ನುಂಗಿದ್ದರೆ ಜಗ್ಗಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ. ಆಮೇಲೆ ನೀರಿನೊಳಗೇ ನೆಟ್ಟಗೆ ಹಿಡಿದು, ತಾನಾಗಿ ಕೊಸರಿ ಹೋಗುವವರೆಗೆ ಕಾಯಿರಿ. ಐದು ನಿಮಿಷ ಫೋಟೊ ಹೊಡೆಸಿಕೊಂಡು ಬಿಟ್ಟ ಮೀನು ರಾತ್ರಿಯೊಳಗೆ ಸತ್ತರೆ ಪುಣ್ಯದ ಮಾತು ಎಲ್ಲಿಂದ ಬಂತು? ಮೇ ತಿಂಗಳಲ್ಲಿ ನೀರು ಇಳಿದು ಕಾದಾಗ ಅದರಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಆಗ ತಿನ್ನುವಷ್ಟು ಹಿಡಿದು ಗಾಳ ಸುತ್ತಿಡುವುದು ಲೇಸು. ಮಳೆಗಾಲದ ಹೊಸ ನೀರಿಗೆ ತತ್ತಿ ತುಂಬಿದ ರೋಹು ಸಿಕ್ಕರೆ ತಕ್ಷಣ ಬಿಡಿ, ಆ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ತತ್ತಿ ಇರುತ್ತದೆ.

ಜಿಲೇಬಿ ಮೀನಿಗೆ (ತಿಲಾಪಿಯಾ) ಮಾತ್ರ ಕನಿಕರ ತೋರಬೇಡಿ. ಆಫ್ರಿಕಾದಿಂದ ಬಂದ ಜಾತಿ, ಬಾಯೊಳಗೇ ಮರಿ ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡಿ ಉಳಿದ ಮೀನುಗಳ ಮೇವಿಗೆ ಸಂಚಕಾರ ತರುತ್ತದೆ. ಸಿಕ್ಕಿದ್ದನ್ನು ಒದ್ದಾಡಲು ಬಿಡದೆ ತಲೆಗೆ ಒಂದೇಟು ಕೊಟ್ಟು, ಕರುಳನ್ನು ಅಲ್ಲೇ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೈಕಿಗೆ ತೂಗುಹಾಕಿದರೆ ನವನಗರ ಮುಟ್ಟುವಷ್ಟರಲ್ಲಿ ನಾರುತ್ತದೆ.