ಕೆಲಸವನ್ನೇ ಓದುವ ಓದು

ನಮಸ್ಕಾರ ಕೇಳುಗರೇ.

ಪದವಿ ಮುಗಿಯಿತು, ಮುಂದೇನು ಓದಲಿ ಎಂದು ಯೋಚಿಸುತ್ತಿರುವವರ ಜೊತೆ ಇವತ್ತು ಮಾತಾಡಬೇಕು ಅನ್ನಿಸಿದೆ. ನೀವು ನರ್ಸಿಂಗ್ ಮುಗಿಸಿರಬಹುದು, ಫಿಸಿಯೋಥೆರಪಿ ಓದಿರಬಹುದು. ಮನಃಶಾಸ್ತ್ರ, ಸಮಾಜಕಾರ್ಯ, ಎಂಜಿನಿಯರಿಂಗ್, ಯಾವುದಾದರೂ ಸರಿ. ಇವರೆಲ್ಲ ಒಂದೇ ತರಗತಿಯಲ್ಲಿ ಕೂತು ಓದುವ ಒಂದು ಸ್ನಾತಕೋತ್ತರ ವಿಷಯ ಇದೆ. ಅದಕ್ಕೆ ಔದ್ಯೋಗಿಕ ಆರೋಗ್ಯ ಮತ್ತು ಸುಸ್ಥಿರ ಉದ್ಯೋಗಶೀಲತೆ ಎಂದು ಉದ್ದನೆಯ ಹೆಸರು. ಹೆಸರು ಕೇಳಿ ಹೆದರಬೇಡಿ. ಅಲ್ಲಿರುವುದು ಎರಡು ಪ್ರಶ್ನೆ. ಕೆಲಸ ನಮ್ಮ ಆರೋಗ್ಯವನ್ನು ಏನು ಮಾಡುತ್ತದೆ? ನಿವೃತ್ತಿಯವರೆಗೂ ಒಬ್ಬರು ಚೆನ್ನಾಗಿ, ಮನಸ್ಸಿಟ್ಟು ದುಡಿಯಬೇಕಾದರೆ ಕೆಲಸ ಹೇಗಿರಬೇಕು?

ಮೊದಲ ಪ್ರಶ್ನೆ ತುಂಬ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝೀನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಮೇಲೆ ಒಂದು ಪುಸ್ತಕ ಬರೆದರು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ 'ನೀನು ಏನು ಕೆಲಸ ಮಾಡುತ್ತೀಯ' ಎನ್ನುವುದನ್ನೂ ಕೇಳಿ ಎಂದು ವೈದ್ಯರಿಗೆ ಹೇಳಿದವರು ಅವರು. ಸೀಸ, ಪಾದರಸ, ದೂಳು ಇವುಗಳ ಬಗ್ಗೆ ಬರೆದಿದ್ದು ಸರಿಯೇ. ಆದರೆ ದಿನವಿಡೀ ಕೂತು ಬರೆಯುವ ಗುಮಾಸ್ತರ ಕೈ ಸೋಲುವುದನ್ನೂ ಅವರು ಗಮನಿಸಿದ್ದರು. ಕಂಪ್ಯೂಟರ್ ಮುಂದೆ ಕೂರುವ ನಮ್ಮ ಕಾಲದವರ ಮಣಿಕಟ್ಟು ನೋವಿನ ಕತೆ ಅಷ್ಟು ಹಿಂದೆಯೇ ಶುರುವಾಗಿತ್ತು, ನೋಡಿ.

ಹಾಗಾಗಿ ಓದು ಅಪಾಯಗಳಿಂದಲೇ ಶುರುವಾಗುತ್ತದೆ. ಶಬ್ದ, ರಾಸಾಯನಿಕ, ಭಾರ ಎತ್ತುವುದು, ರಾತ್ರಿ ಪಾಳಿ. ಇಲ್ಲಿ ಮೊದಲು ಕಲಿಯಬೇಕಾದ್ದು ಯಾವುದು ಮೊದಲು, ಯಾವುದು ಕೊನೆಗೆ ಎಂಬ ಕ್ರಮ. ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ? ಆಗದಿದ್ದರೆ ಅದರ ಜಾಗದಲ್ಲಿ ಕಡಿಮೆ ಅಪಾಯದ್ದನ್ನು ತರಬಹುದಾ? ಅದೂ ಆಗದಿದ್ದರೆ ಯಂತ್ರಕ್ಕೆ ಕವಚ ಹಾಕಿ, ಗಾಳಿ ಹೊರಗೆ ಹೋಗುವ ಹಾಗೆ ಮಾಡಿ. ಆಮೇಲೆ ಪಾಳಿ, ನಿಯಮ, ತರಬೇತಿ. ಎಲ್ಲ ಮುಗಿದ ಮೇಲೆ ಮಾಸ್ಕ್, ಕೈಗವಸು. ವಾಸ್ತವದಲ್ಲಿ ಎಷ್ಟೋ ಕಡೆ ಇದು ತಲೆಕೆಳಗಾಗಿದೆ. ಮಾಸ್ಕ್ ಕೊಟ್ಟು, ಸಹಿ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಈ ಕ್ರಮ ಒಮ್ಮೆ ತಲೆಗೆ ಹೋದರೆ ಯಾವ ಕೆಲಸದ ಜಾಗಕ್ಕೆ ಕಾಲಿಟ್ಟರೂ ನಿಮ್ಮ ಕಣ್ಣು ಬೇರೆ ರೀತಿ ನೋಡಲು ಶುರುಮಾಡುತ್ತದೆ.

ನನಗೆ ತುಂಬ ಇಷ್ಟವಾದ ಭಾಗ ಮುಂದೆ ಬರುತ್ತದೆ. ಕಣ್ಣಿಗೆ ಕಾಣದ ಹೊರೆಯದು. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ಸರಳ ಮಾದರಿ ಮುಂದಿಟ್ಟರು. ಕೆಲಸದ ಒತ್ತಡ ಜಾಸ್ತಿ ಇದೆ ಎಂಬುದಷ್ಟೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಒತ್ತಡವೂ ಜಾಸ್ತಿ, ಆ ಕೆಲಸವನ್ನು ಹೇಗೆ ಮಾಡಬೇಕು ಎಂದು ನಿರ್ಧರಿಸುವ ಅಧಿಕಾರವೂ ಇಲ್ಲ ಎಂದಾಗ ತೊಂದರೆ ಹೆಚ್ಚು. ಒತ್ತಡ ಅಷ್ಟೇ ಇದ್ದು ಹಿಡಿತವೂ ಇದ್ದರೆ ಅದೇ ಕೆಲಸ ಕಲಿಸುತ್ತದೆ, ಬೆಳೆಸುತ್ತದೆ. ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆಸಿದ ವೈಟ್‌ಹಾಲ್ ಅಧ್ಯಯನಗಳು ಇದನ್ನು ಇನ್ನೂ ಗಟ್ಟಿಮಾಡಿದವು. ಎಲ್ಲರೂ ಕಚೇರಿಯಲ್ಲಿ ಕೂತು ಕೆಲಸ ಮಾಡುವವರೇ. ಯಾರೂ ಕಲ್ಲಿದ್ದಲು ಗಣಿಗೆ ಇಳಿದವರಲ್ಲ. ಆದರೂ ದರ್ಜೆ ಇಳಿದಂತೆ ಹೃದ್ರೋಗ ಏರುತ್ತಿತ್ತು. ಕೆಲಸದ ಮೇಲೆ ಹಿಡಿತ ಇಲ್ಲದಿರುವುದು ಅದಕ್ಕೆ ಒಂದು ದೊಡ್ಡ ಕಾರಣವಾಗಿ ಕಂಡಿತು. ಆಮೇಲೆ 1996ರಲ್ಲಿ ಯೋಹಾನೆಸ್ ಸೀಗ್ರಿಸ್ಟ್ ಇನ್ನೊಂದು ಮಾತು ಸೇರಿಸಿದರು. ಹಾಕಿದ ಶ್ರಮಕ್ಕೆ ತಕ್ಕ ಸಂಬಳ, ಗೌರವ, ಭದ್ರತೆ ಸಿಗದೇ ಹೋದರೆ ಅದೂ ದೇಹಕ್ಕೆ ತಟ್ಟುತ್ತದೆ ಎಂದರು.

ಕೆಲಸದ ಗಂಟೆಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವುದರಿಂದ, ಪಾರ್ಶ್ವವಾಯು ಮತ್ತು ಹೃದಯ ಕಾಯಿಲೆಗಳ ಮೂಲಕ, 2016ರ ಒಂದೇ ವರ್ಷದಲ್ಲಿ ಸುಮಾರು 7,45,000 ಜನ ಸತ್ತಿದ್ದಾರೆ ಎಂದು. ಇಷ್ಟು ಸಾವಿನಲ್ಲಿ ಎಲ್ಲೂ ಯಂತ್ರ ಮುರಿದಿಲ್ಲ, ಬೆಂಕಿ ಬಿದ್ದಿಲ್ಲ. ಅದಕ್ಕೇ ಇದು ಸುದ್ದಿಯಾಗುವುದಿಲ್ಲ.

ಸಂಖ್ಯಾಶಾಸ್ತ್ರ ಬೇಡ ಎನ್ನುವ ವಿದ್ಯಾರ್ಥಿಗಳು ಬಹಳ. ಅವರಿಗೆ ಒಂದು ವಿಷಯ ಹೇಳುತ್ತೇನೆ. ಒಂದು ಕಾರ್ಖಾನೆಯ ಕೆಲಸಗಾರರ ಸಾವಿನ ಪ್ರಮಾಣವನ್ನು ಇಡೀ ದೇಶದ ಜನರ ಜೊತೆ ಹೋಲಿಸಿದರೆ, ಎಷ್ಟೋ ಸಲ ಕೆಲಸಗಾರರೇ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆ. ಹಾಗಾದರೆ ಆ ಕೆಲಸ ಒಳ್ಳೆಯದು ಅಂತಾನಾ? ಅಲ್ಲ. ಕಾಯಿಲೆಯವರನ್ನು ಕೆಲಸಕ್ಕೆ ತೆಗೆದುಕೊಂಡೇ ಇರುವುದಿಲ್ಲ. ತೆಗೆದುಕೊಂಡ ಮೇಲೆ ಹುಷಾರು ತಪ್ಪಿದವರು ಬಿಟ್ಟು ಹೋಗಿರುತ್ತಾರೆ. ಉಳಿದವರನ್ನಷ್ಟೇ ಎಣಿಸಿದರೆ ಎಲ್ಲವೂ ಚೆನ್ನಾಗಿದೆ ಎಂದೇ ಕಾಣುತ್ತದೆ. ಇದನ್ನು ಆರೋಗ್ಯವಂತ ಕೆಲಸಗಾರರ ಪರಿಣಾಮ ಎನ್ನುತ್ತಾರೆ. 'ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ' ಎಂದು ಮಾಲೀಕರು ಹೇಳಿದಾಗ, 'ಬಿಟ್ಟು ಹೋದವರ ಪಟ್ಟಿ ಕೊಡಿ' ಎಂದು ಕೇಳುವ ಧೈರ್ಯ ಬರುವುದು ಈ ಲೆಕ್ಕ ಗೊತ್ತಿದ್ದವರಿಗೆ. ದಯವಿಟ್ಟು ಅದನ್ನು ಬಿಡಬೇಡಿ.

ಇನ್ನು ಎರಡನೇ ಪ್ರಶ್ನೆ. ಇದಕ್ಕೆ ದೊಡ್ಡ ಕೊಡುಗೆ ಫಿನ್‌ಲೆಂಡಿನದು. ಅಲ್ಲಿ ಯುಹಾನಿ ಇಲ್ಮರಿನೆನ್ ಮತ್ತು ಸಂಗಡಿಗರು 1981ರಿಂದ ನಗರಸಭೆಗಳ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ವಯಸ್ಸಾದಂತೆ ಯಾರ ಕೆಲಸದ ಶಕ್ತಿ ಉಳಿಯುತ್ತದೆ, ಯಾರದು ಕುಸಿಯುತ್ತದೆ ಎಂದು ನೋಡಿದರು. ಅದರಿಂದ ಒಂದು ಪ್ರಶ್ನಾವಳಿ ಹುಟ್ಟಿತು. ಕನಿಷ್ಠ 7, ಗರಿಷ್ಠ 49 ಅಂಕ. ಅದರ ಮೊದಲ ಪ್ರಶ್ನೆ ಬಹಳ ಸರಳ. ನಿಮ್ಮ ಜೀವನದ ಅತ್ಯುತ್ತಮ ಕೆಲಸದ ಶಕ್ತಿಗೆ 10 ಅಂಕ ಕೊಟ್ಟರೆ, ಈಗಿನದಕ್ಕೆ ಎಷ್ಟು ಕೊಡುತ್ತೀರಿ? ಕೆಲಸದ ಶಕ್ತಿಯನ್ನು ಇಲ್ಮರಿನೆನ್ ನಾಲ್ಕು ಅಂತಸ್ತಿನ ಮನೆಯಾಗಿ ಚಿತ್ರಿಸಿದರು. ಕೆಳಗೆ ಆರೋಗ್ಯ, ಅದರ ಮೇಲೆ ಕೌಶಲ, ಅದರ ಮೇಲೆ ಮನೋಭಾವ ಮತ್ತು ಮೌಲ್ಯ. ಎಲ್ಲಕ್ಕಿಂತ ಮೇಲೆ ಕೆಲಸ, ಅಂದರೆ ಅದರ ಹೊರೆ, ವ್ಯವಸ್ಥೆ, ಮೇಲಧಿಕಾರಿಯ ನಡವಳಿಕೆ. ಮೇಲಿನ ಅಂತಸ್ತಿನ ಭಾರ ಜಾಸ್ತಿಯಾದರೆ ಕೆಳಗಿನವೆಲ್ಲ ಬಿರುಕು ಬಿಡುತ್ತವೆ.

ಈ ಚಿತ್ರವನ್ನು ಎಷ್ಟೋ ಸಂಸ್ಥೆಗಳು ಗೋಡೆಗೆ ಹಾಕಿಕೊಂಡು, ಕೈ ಹಾಕುವುದು ಮಾತ್ರ ಕೆಳಗಿನ ಅಂತಸ್ತಿಗೆ. ಯೋಗ ತರಗತಿ, ಹೆಜ್ಜೆ ಎಣಿಸುವ ಆ್ಯಪ್, ಒತ್ತಡ ತಡೆದುಕೊಳ್ಳುವ ತರಬೇತಿ. ಇವು ಕೆಟ್ಟವೇನಲ್ಲ. ಆದರೆ ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಸಂಜೆ ಧ್ಯಾನ ಮಾಡಿ ಎಂದರೆ ಅದು ಅನ್ಯಾಯ. ಕೆಲಸದಲ್ಲಿ ಉಳಿಯುವ ಹೊಣೆಯನ್ನೆಲ್ಲ ಕೆಲಸಗಾರನ ಹೆಗಲಿಗೆ ಹಾಕುವ ಅಪಾಯ ಈ ವಿಷಯದ ಒಳಗೇ ಇದೆ. ಒಳ್ಳೆಯ ಕೋರ್ಸ್ ಆದರೆ ಅದು ಈ ಅಪಾಯವನ್ನು ಮುಚ್ಚಿಡದೆ ತರಗತಿಯಲ್ಲೇ ಚರ್ಚೆಗೆ ತರುತ್ತದೆ.

ಹಾಗೆಂದು ಕೆಲಸವೇ ವೈರಿ ಅಂದುಕೊಳ್ಳಬೇಡಿ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿತ್ತು. ಮರೀ ಯಾಹೋಡಾ ಮತ್ತು ಜೊತೆಗಾರರು ಅಲ್ಲಿ ಅಧ್ಯಯನ ಮಾಡಿದರು. ಜನರ ಕೈಯಲ್ಲಿ ಈಗ ಬೇಕಾದಷ್ಟು ಸಮಯ ಇತ್ತು. ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ತಗ್ಗಿತ್ತು, ಅದನ್ನು ಯಾಹೋಡಾ ತಂಡದವರು ಗಡಿಯಾರ ಹಿಡಿದು ಅಳೆದರು. ಸಂಬಳದ ಜೊತೆಗೆ ದಿನಕ್ಕೊಂದು ಆಕಾರ, ನಾಲ್ಕು ಜನರ ಒಡನಾಟ, ತಾನೂ ಬೇಕಾದವನು ಎಂಬ ಭಾವ, ಇವೆಲ್ಲ ಕೆಲಸದಿಂದ ಬರುತ್ತವೆ. ಅದಕ್ಕೇ ಹುಷಾರಿಲ್ಲದವರನ್ನು ಕೆಲಸದಿಂದ ದೂರ ಇಡುವುದೇ ಯಾವಾಗಲೂ ಸರಿಯಾದ ಔಷಧ ಅಲ್ಲ.

ಕೆಲಸಕ್ಕೆ ಮರಳುವುದು ಹೇಗೆ ಎಂಬ ಪಾಠ ಬರುವುದು ಇಲ್ಲೇ. ಕೆನಡಾದಲ್ಲಿ ಪ್ಯಾಟ್ರಿಕ್ ಲ್ವಾಝೆಲ್ ತಂಡ ಬೆನ್ನು ನೋವಿನಿಂದ ರಜೆಯಲ್ಲಿದ್ದವರ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಚಿಕಿತ್ಸೆಯ ಜೊತೆಗೆ ಕೆಲಸದ ಜಾಗಕ್ಕೇ ಹೋಗಿ, ಕೆಲಸಗಾರ ಮತ್ತು ಮೇಲ್ವಿಚಾರಕ ಇಬ್ಬರನ್ನೂ ಕೂರಿಸಿ ಕೆಲಸದ ರೀತಿಯನ್ನೇ ಬದಲಿಸಿದಾಗ, ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಎರಡು ಪಟ್ಟಿಗಿಂತಲೂ ಹೆಚ್ಚು ಬೇಗ ಜನ ಕೆಲಸಕ್ಕೆ ಮರಳಿದರು. ನೆದರ್‌ಲೆಂಡ್ಸ್ ಇದನ್ನು ಕಾನೂನಿಗೇ ತಂದಿದೆ. ಅಲ್ಲಿ ನೌಕರರು ಕಾಯಿಲೆ ಬಿದ್ದರೆ ಮಾಲೀಕರು ಎರಡು ವರ್ಷದವರೆಗೆ ಕನಿಷ್ಠ 70 ಶೇಕಡಾ ಸಂಬಳ ಕೊಡಬೇಕು. ದೀರ್ಘ ರಜೆಯಾಗುವ ಹಾಗಿದ್ದರೆ 6 ವಾರದೊಳಗೆ ಸಮಸ್ಯೆಯ ವಿಶ್ಲೇಷಣೆ ಆಗಬೇಕು. 8ನೇ ವಾರಕ್ಕೆ ಇಬ್ಬರೂ ಸೇರಿ ಮರಳುವ ಯೋಜನೆ ಬರೆಯಬೇಕು. ಕಾಯಿಲೆಯ ಖರ್ಚು ಮಾಲೀಕರ ಜೇಬಿಗೇ ತಟ್ಟುವುದರಿಂದ ತಡೆಯುವುದರಲ್ಲೂ ಅವರಿಗೆ ಆಸಕ್ತಿ ಬರುತ್ತದೆ. ಈ ವಿಷಯಕ್ಕೆ ಅಲ್ಲಿ ಅಷ್ಟು ಬೆಲೆ ಇರುವುದರಲ್ಲಿ ಇದರ ಪಾಲೂ ಇದೆ.

ಒಂದು ಗೊಂದಲ ಬೇಡ. ಈ ಪದವಿ ಪಡೆದರೆ ನೀವು ವೈದ್ಯರಾಗುವುದಿಲ್ಲ. ಔದ್ಯೋಗಿಕ ವೈದ್ಯರ ದಾರಿಯೇ ಬೇರೆ, ಅದಕ್ಕೆ ವೈದ್ಯಕೀಯ ಓದಿರಬೇಕು. ನೀವು ಹೋಗುವುದು ಔದ್ಯೋಗಿಕ ಆರೋಗ್ಯ ಸೇವೆಗಳಿಗೆ, ವಿಮಾ ಕಂಪನಿಗಳಿಗೆ, ಕಾರ್ಮಿಕ ಸಂಘಗಳಿಗೆ, ಸರ್ಕಾರದ ಇಲಾಖೆಗಳಿಗೆ, ಸಂಶೋಧನೆಗೆ. ಅಲ್ಲಿ ಒಂದು ಇಕ್ಕಟ್ಟು ನಿಮ್ಮನ್ನು ಕಾದಿರುತ್ತದೆ. ಸಂಬಳ ಕೊಡುವವರು ಮಾಲೀಕರು, ನಂಬಿ ಮಾತಾಡುವವರು ಕೆಲಸಗಾರರು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಒಬ್ಬರು ಹೇಳಿದರೆ ಆ ಮಾತು ನಿಮ್ಮಲ್ಲೇ ಉಳಿಯಬೇಕು. ಅವರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದಷ್ಟೇ ಮೇಲಧಿಕಾರಿಗೆ ತಿಳಿಯಬೇಕು. ಈ ಗೆರೆಯನ್ನು ಕಾಯಲು ಆಗದವರು ದಯವಿಟ್ಟು ಈ ಕ್ಷೇತ್ರಕ್ಕೆ ಬರಬೇಡಿ.

ಕೋರ್ಸ್ ಆಯ್ಕೆ ಮಾಡುವಾಗ ಅದರ ಪಠ್ಯವನ್ನು ಬಿಡಿಸಿ ಓದಿ. ಕಾನೂನು ಇದೆಯಾ? ಸಂಶೋಧನಾ ವಿಧಾನ ಇದೆಯಾ? ನಿಜವಾದ ಕೆಲಸದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದು ಪ್ರಬಂಧ ಬರೆಯುವ ಅವಕಾಶ ಇದೆಯಾ? ಕೊನೆಯದು ಇಲ್ಲದಿದ್ದರೆ ನಾನಂತೂ ಬೇರೆ ಕಡೆ ನೋಡಿ ಎನ್ನುತ್ತೇನೆ. ಅರ್ಜಿ ಹಾಕುವ ಮೊದಲೇ, ನಿಮಗೆ ಪರಿಚಯದ ಒಬ್ಬರನ್ನು ಕೇಳಿ ಅವರ ಒಂದು ಪಾಳಿ ಪೂರ್ತಿ ಜೊತೆಗಿರಿ. ಎಷ್ಟು ಸಲ ಬಗ್ಗಿದರು, ಯಾವ ನಿರ್ಧಾರ ತಾವೇ ತೆಗೆದುಕೊಂಡರು, ಯಾವುದಕ್ಕೆ ಅಪ್ಪಣೆ ಕಾಯಬೇಕಾಯಿತು, ಯಾವಾಗ ಉಸಿರಾಡಲು ಬಿಡುವು ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಯಾಕೆ ಈ ಕೋರ್ಸ್ ಬೇಕು ಎಂದು ಅರ್ಜಿಯಲ್ಲಿ ಕೇಳುತ್ತಾರಲ್ಲ, ಅಲ್ಲಿ ಅದನ್ನೇ ಬರೆಯಿರಿ.

ನಮಸ್ಕಾರ.