ಮರವೇ ಇಲ್ಲದ ಬಯಲಿನಲ್ಲಿ ಒಲೆಗೆ ಏನು ಹಾಕಿದರು?

[ಕೈಯಲ್ಲಿ ಒಂದು ಹಿಡಿ ಒಣಹುಲ್ಲು]

ನಮಸ್ಕಾರ. ಈ ಹುಲ್ಲಿಗೆ ಬೆಂಕಿ ಹಚ್ಚಿದರೆ ಎಷ್ಟು ಹೊತ್ತು ಉರಿಯುತ್ತದೆ ಹೇಳಿ? ಭುಗ್ ಅಂದು ಬೂದಿ ಆಗುತ್ತದೆ, ಅಷ್ಟೇ. ಆದರೆ 1880ರ ಚಳಿಗಾಲದಲ್ಲಿ ಅಮೆರಿಕದ ಒಂದು ಕುಟುಂಬ ಇದನ್ನೇ ಉರಿಸಿಕೊಂಡು ಜೀವ ಉಳಿಸಿಕೊಂಡಿತು.

ನನ್ನ ಅಕ್ಕನ ಮಗಳು ಈಗ ಆ ಕುಟುಂಬದ ಕಥೆ ಬರೆದ ಮಗಳು, ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಪುಸ್ತಕಗಳಲ್ಲಿ ಮುಳುಗಿದ್ದಾಳೆ. ಇವು ಕನ್ನಡಕ್ಕೂ ಅನುವಾದವಾಗಿವೆ. ಮೊನ್ನೆ ಬಂದು ಕೇಳಿದಳು, "ಚಿಕ್ಕಮ್ಮ, ಅಲ್ಲಿ ಮರಾನೇ ಇಲ್ಲ ಅಂತಾರೆ. ಹಾಗಿದ್ರೆ ಒಲೆಗೆ ಏನ್ ಹಾಕ್ತಿದ್ರು?" ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನ ಕಾಡುಸೀಮೆಯಲ್ಲಿ. ಅಪ್ಪ ಚಾರ್ಲ್ಸ್ ಒಂದೇ ಕಡೆ ನೆಲೆ ನಿಲ್ಲುವ ಮನುಷ್ಯ ಅಲ್ಲ. 1862ರ ಕಾಯ್ದೆಯ ಪ್ರಕಾರ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಉತ್ತಿ ಬಿತ್ತಿದರೆ ಜಮೀನು ನಿಮ್ಮದೇ. ಆ ಆಸೆ ಅವರನ್ನು ಊರೂರು ಸುತ್ತಿಸಿ, ಕೊನೆಗೆ ಡಕೋಟಾದ ಡಿ ಸ್ಮೆಟ್ ಎಂಬ ಹೊಸ ಊರಿಗೆ ತಂದಿತು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲು. ಅಡುಗೆಗೂ ಚಳಿಗೂ ಬೇಕಾದ ಕಲ್ಲಿದ್ದಲು ರೈಲಿನಲ್ಲೇ ಬರಬೇಕು.

1880ರ ಅಕ್ಟೋಬರ್‌ನಲ್ಲೇ ಹಿಮದ ಬಿರುಗಾಳಿ ಶುರುವಾಯಿತು. ಜನವರಿ ಹೊತ್ತಿಗೆ ರೈಲು ಪೂರ್ತಿ ನಿಂತಿತು. ಕಲ್ಲಿದ್ದಲು ಮುಗಿಯಿತು. ಉಳಿದದ್ದು ದನಗಳಿಗೆ ಅಂತ ಕೊಯ್ದಿಟ್ಟ ಜೌಗು ಹುಲ್ಲು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಚಾರ್ಲ್ಸ್ ಮತ್ತು ಹದಿಮೂರು ವರ್ಷದ ಲಾರಾ ಆ ಹುಲ್ಲನ್ನು ಹೊಸೆಯಲು ಕೂತರು. ಹೌದು, ನಮ್ಮಲ್ಲಿ ದೀಪದ ಬತ್ತಿ ಹೊಸೆಯುತ್ತೇವಲ್ಲ, ಅದೇ ಕೆಲಸ. ಹುಲ್ಲಿನ ಸಿವುಡು ಹಿಡಿದು ಗಟ್ಟಿಯಾಗಿ ತಿರುಚುವುದು, ಮಧ್ಯಕ್ಕೆ ಮಡಚುವುದು, ಎರಡೂ ಎಳೆ ಒಂದಕ್ಕೊಂದು ಸುತ್ತಿಕೊಂಡ ಮೇಲೆ ತುದಿ ಸಿಕ್ಕಿಸುವುದು.

[ಮಾಡಿ ತೋರಿಸುವುದು]

ನೋಡಿ, ಕೈಗೆ ಈಗ ಕಟ್ಟಿಗೆ ಹಿಡಿದ ಹಾಗೇ ಇದೆ! ಸಡಿಲ ಹುಲ್ಲಿನಲ್ಲಿ ಪ್ರತಿ ಎಳೆಯ ಸುತ್ತಲೂ ಗಾಳಿ ಆಡುತ್ತದೆ, ಅದಕ್ಕೇ ಒಂದೇ ಸಲ ಹೊತ್ತಿಕೊಳ್ಳುತ್ತದೆ. ಬಿಗಿಯಾಗಿ ಹೊಸೆದರೆ ಒಳಗಿನ ಎಳೆಗಳಿಗೆ ಗಾಳಿ ಸಿಗುವುದಿಲ್ಲ. ಹೊರಗಿನದು ಸುಟ್ಟ ಮೇಲೆ ಒಳಗಿನದರ ಸರದಿ. ಹುಲ್ಲು ಅದೇ, ಉರಿಯುವ ಹೊತ್ತು ಮಾತ್ರ ಜಾಸ್ತಿ. ಆದರೂ ಸೌದೆಯಷ್ಟು ತಾಳುವುದಿಲ್ಲ. ಒಬ್ಬರು ಒಲೆ ಮುಂದೆ ಕೂತು ತುಂಬುತ್ತಿದ್ದರೆ ಇನ್ನೊಬ್ಬರು ಕೊರೆಯುವ ಕೊಟ್ಟಿಗೆಯಂಥ ಜಾಗದಲ್ಲಿ ಹೊಸೆಯುತ್ತಲೇ ಇರಬೇಕು. ಹುಲ್ಲಿನ ಅಂಚಿಗೆ ಅಂಗೈಯೆಲ್ಲ ಗೀರು. ನಾನು ನಿನ್ನೆ ಹತ್ತು ಹೊಸೆಯುವಷ್ಟರಲ್ಲಿ ಬೆರಳು ಉರಿಯತೊಡಗಿತು. ಅವರು ತಿಂಗಳುಗಟ್ಟಲೆ ದಿನವಿಡೀ ಮಾಡಿದ್ದಾರೆ.

ಊಟದ ಕಥೆಯೂ ಹೀಗೇ. ಹಿಟ್ಟು ಖಾಲಿ. ಇರುವುದು ಗೋಧಿ ಕಾಳು. ಬೀಸುವ ಕಲ್ಲಿಲ್ಲ. ಕಾಫಿ ಬೀಜ ಪುಡಿ ಮಾಡುವ ಪುಟ್ಟ ಕೈಯಂತ್ರದಲ್ಲೇ ಗೋಧಿ ಬೀಸಿದರು. ಒಂದು ದಿನದ ರೊಟ್ಟಿಗೆ ಸರದಿ ಮೇಲೆ ಇಡೀ ದಿನ ತಿರುಗಿಸಬೇಕು. ಕಣ್ಣು ಕಾಣದ ಅಕ್ಕ ಮೇರಿ ಕೂಡ ಗಂಟೆಗಟ್ಟಲೆ ಅದನ್ನು ತಿರುಗಿಸುತ್ತಿದ್ದಳು. ಸೀಮೆಎಣ್ಣೆ ಮುಗಿದಾಗ ಅಮ್ಮ ಕ್ಯಾರೊಲಿನ್ ಅಂಗಿ ಗುಂಡಿಯೊಂದಕ್ಕೆ ಬಟ್ಟೆ ಸುತ್ತಿ, ಗಾಡಿಯ ಅಚ್ಚಿಗೆ ಹಚ್ಚುವ ಗ್ರೀಸಿನಲ್ಲಿಟ್ಟು ಹಣತೆ ಮಾಡಿದಳು.

ರೈಲು ಯಾಕೆ ಬರಲಿಲ್ಲ? ಹಳಿಗಾಗಿ ದಿಬ್ಬ ಕಡಿದು ಮಾಡಿದ ಕಣಿವೆಗಳಲ್ಲಿ ಹಿಮ ತುಂಬುತ್ತಿತ್ತು. ಜನ ಗುದ್ದಲಿ ಹಿಡಿದು ಅಗೆದು ಎರಡೂ ಬದಿಗೆ ಎಸೆದರು. ಬದಿಯ ಗೋಡೆ ಎತ್ತರವಾಯಿತು, ಕಣಿವೆ ಇನ್ನೂ ಆಳವಾಯಿತು, ಮುಂದಿನ ಗಾಳಿಗೆ ಇನ್ನೂ ಜಾಸ್ತಿ ಹಿಮ ತುಂಬಿತು. ಅಗೆದಷ್ಟೂ ಕಷ್ಟ. ಕ್ರಿಸ್‌ಮಸ್‌ಗೆ ಬರಬೇಕಿದ್ದ ಉಡುಗೊರೆಯ ಪೀಪಾಯಿ ಬಂದದ್ದು ಮೇ ತಿಂಗಳಲ್ಲಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಈ ಚಳಿಗಾಲದ ಬಗ್ಗೆ ಲಾರಾ ಬರೆದ 1940ರ ಕಾದಂಬರಿ 'ದಿ ಲಾಂಗ್ ವಿಂಟರ್' ಓದಿದವರಿಗೆ ಈ ಮನೆಯವರು ತಮ್ಮ ಕೈಯನ್ನೇ ನಂಬಿ ಗೆದ್ದರು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಪುಸ್ತಕದಲ್ಲಿ ಊರನ್ನು ಉಳಿಸಿದ್ದು ಇಬ್ಬರು ಹುಡುಗರು ಪ್ರಾಣ ಪಣಕ್ಕಿಟ್ಟು ತಂದ ಗೋಧಿ. ಅವರಲ್ಲಿ ಒಬ್ಬ, ಅಲ್ಮಾಂಜೊ, ಮುಂದೆ ಲಾರಾಳ ಗಂಡನಾದ. ಇನ್ನು, ಈ ಸೀಮೆ ಯಾರೂ ಇಲ್ಲದ ಬರಿ ಬಯಲೂ ಆಗಿರಲಿಲ್ಲ. ಮೊದಲು ಇವರು ಕಾನ್ಸಾಸ್‌ನಲ್ಲಿ ಮನೆ ಕಟ್ಟಿದ್ದು ಓಸೇಜ್ ಎಂಬ ಮೂಲನಿವಾಸಿ ಜನರ ಜಮೀನಿನಲ್ಲಿ. ಇಂಥ ಮೂಲನಿವಾಸಿಗಳನ್ನು ಆಗ 'ಇಂಡಿಯನ್ನರು' ಅನ್ನುತ್ತಿದ್ದರು. ಅಲ್ಲಿ 'ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು' ಎಂಬರ್ಥದ ಮಾತು ಲಾರಾಳ 1935ರ ಪುಸ್ತಕ 'ಲಿಟಲ್ ಹೌಸ್ ಆನ್ ದಿ ಪ್ರೇರಿ'ಯಲ್ಲಿತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ 1953ರ ಮುದ್ರಣದಲ್ಲಿ 'ಜನ' ಎಂಬ ಪದವನ್ನು 'ವಲಸಿಗರು' ಎಂದು ತಿದ್ದಿದರು. ಅಷ್ಟು ವರ್ಷ ಆ ಸಾಲು ಹಾಗೇ ಅಚ್ಚಾಗುತ್ತಿತ್ತು ಅನ್ನುವುದು ನನಗೆ ನೋವಿನ ಸಂಗತಿ.

ಕೊನೆಯದು. ಲಾರಾ 1930ರ ಸುಮಾರಿಗೆ ಬರೆದ ಆತ್ಮಕಥೆ ಟಿಪ್ಪಣಿಗಳೊಂದಿಗೆ 2014ರಲ್ಲಿ ಅಚ್ಚಾಯಿತು. ಅದನ್ನು ಓದಿದರೆ ಗೊತ್ತಾಗುತ್ತದೆ, ಆ ಚಳಿಗಾಲದಲ್ಲಿ ಅದೇ ಮನೆಯಲ್ಲಿ ಇನ್ನೊಂದು ಜೋಡಿ ಇತ್ತು. ಗಂಡ, ಹೆಂಡತಿ, ಅಲ್ಲೇ ಹುಟ್ಟಿದ ಅವರ ಕೂಸು. ಅವರನ್ನು ಸೇರಿಸಿದರೆ ಕಥೆ ಕೆಡುತ್ತದೆ ಅಂತ ಲಾರಾ ಮಗಳಿಗೆ ಪತ್ರ ಬರೆದು, ಮೂವರನ್ನೂ ಬಿಟ್ಟುಬಿಟ್ಟರು. ಕಾದಂಬರಿಯ ಆ ಮನೆಯಲ್ಲಿ ಬಿರುಗಾಳಿಯ ಸದ್ದು ಕೇಳುತ್ತದೆ, ಕಾಫಿ ಯಂತ್ರದ ಸದ್ದು ಕೇಳುತ್ತದೆ. ಕೂಸಿನ ಅಳು ಎಲ್ಲೂ ಇಲ್ಲ.