ಮೊದಲು ಚರಂಡಿಯ ಮಟ್ಟ, ಆಮೇಲೆ ಕಟ್ಟಡದ ನಕ್ಷೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಿಲ್ಡರ್‌ಗಳಿದ್ದೀರಿ, ಎಂಜಿನಿಯರ್‌ಗಳಿದ್ದೀರಿ, ನಕ್ಷೆ ಬರೆಯುವವರಿದ್ದೀರಿ. ನೀರು ಮತ್ತು ಒಳಚರಂಡಿಯ ಅನುಮತಿ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ನಾವು ಯಾವಾಗ ಕೇಳುತ್ತೇವೆ ಅನ್ನುವುದೇ ನನ್ನ ತಕರಾರು.

ಈಗ ಹೇಗೆ ನಡೆಯುತ್ತದೆ ನೋಡಿ. ಜಾಗ ಕೊಳ್ಳುತ್ತೇವೆ. ನಕ್ಷೆ ಬರೆಸುತ್ತೇವೆ. ಫ್ಲಾಟ್ ಎಷ್ಟು, ಪಾರ್ಕಿಂಗ್ ಎಷ್ಟು ಅಂತ ಲೆಕ್ಕ ಹಾಕುತ್ತೇವೆ. ಬ್ಯಾಂಕಿನ ಸಾಲವೂ ಆಗುತ್ತದೆ. ಕೊನೆಗೆ ಯಾರದೋ ಕೈಗೆ ಫೈಲ್ ಕೊಟ್ಟು, "ನೀರಿನ ಎನ್‌ಒಸಿ ಒಂದು ಮಾಡಿಸಿಬಿಡಿ" ಅನ್ನುತ್ತೇವೆ. ಎನ್‌ಒಸಿ, ಅಂದರೆ ನಮ್ಮದೇನೂ ಅಭ್ಯಂತರವಿಲ್ಲ ಅನ್ನುವ ಪತ್ರ. ಆಗ ಗೊತ್ತಾಗುತ್ತದೆ, ರಸ್ತೆಯ ಒಳಚರಂಡಿ ನಮ್ಮ ಬೇಸ್‌ಮೆಂಟಿಗಿಂತ ಮೇಲಿದೆ ಅಂತ!

ಕೊಳಚೆ ನೀರು ಇಳಿಜಾರು ಇದ್ದರೆ ಮಾತ್ರ ತಾನಾಗಿ ಹರಿಯುತ್ತದೆ. ಇಳಿಜಾರು ಕಮ್ಮಿಯಾದರೆ ನೀರು ಹೋಗುತ್ತದೆ, ಗಟ್ಟಿ ಕಲ್ಮಶ ಕೆಳಗೆ ಕೂರುತ್ತದೆ, ಪೈಪು ಕಟ್ಟಿಕೊಳ್ಳುತ್ತದೆ. ಒಂದು ಲೆಕ್ಕ ಹಾಕೋಣ. 60 ಮೀಟರಿಗೆ 1 ಮೀಟರ್ ಇಳಿಜಾರು ಬೇಕು ಅಂತಿಟ್ಟುಕೊಳ್ಳಿ. ಸೈಟಿನ ಹಿಂಬದಿಯ ಬಚ್ಚಲಿಂದ ರಸ್ತೆಯ ಮ್ಯಾನ್‌ಹೋಲಿಗೆ 90 ಮೀಟರ್ ದೂರ. ಅಂದರೆ ಪೈಪು ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂದೂವರೆ ಮೀಟರ್ ಇಳಿದಿರುತ್ತದೆ. ಮ್ಯಾನ್‌ಹೋಲಿನ ಒಳಗಿನ ತಳ ಅದಕ್ಕಿಂತ ಮೇಲಿದ್ದರೆ? ನೆಲವನ್ನೇ ಎತ್ತರಿಸಬೇಕು, ಇಲ್ಲ ಪಂಪ್ ಕೂರಿಸಬೇಕು. ಪಂಪಿಗೊಂದು ಗುಂಡಿ, ಅದು ಕೆಟ್ಟರೆ ಇನ್ನೊಂದು ಪಂಪು, ಕರೆಂಟು ಹೋದರೆ ಜನರೇಟರ್, ನೋಡಿಕೊಳ್ಳಲು ಜನ. ಕಟ್ಟಡ ಇರುವಷ್ಟು ಕಾಲವೂ ಈ ಖರ್ಚು ಅಲ್ಲಿ ವಾಸ ಮಾಡುವವರ ತಲೆಯ ಮೇಲೆ. ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ನೀರು-ಒಳಚರಂಡಿ ಕಚೇರಿಯಲ್ಲಿ ಮ್ಯಾನ್‌ಹೋಲಿನ ಮಟ್ಟ ಕೇಳಿದ್ದರೆ ಇದಿಷ್ಟೂ ಆಗಲೇ ತಿಳಿಯುತ್ತಿತ್ತು, ಅಲ್ವಾ?

"ಸಣ್ಣಪುಟ್ಟದಕ್ಕೆಲ್ಲ ಫೈಲ್ ವಾಪಸ್ ಕಳಿಸ್ತಾರೆ ಸಾರ್, ಬಚ್ಚಲಿನ ಟ್ರ್ಯಾಪಿಗೂ ಆಕ್ಷೇಪ" ಅನ್ನುವವರಿದ್ದಾರೆ. ಟ್ರ್ಯಾಪ್, ಅಂದರೆ ಬಚ್ಚಲಿನ ನೀರು ಹೋಗುವ ಕಡೆ ಇರುವ ಬಾಗಿದ ಪೈಪು. ಅದರ ಹೆಸರು ಕೇಳಿದ ಕೂಡಲೇ ನನಗೊಂದು ಘಟನೆ ಹೇಳಲೇಬೇಕು ಅನಿಸುತ್ತದೆ. ಮೊದಲೇ ಕೇಳಿದವರು ಇನ್ನೊಮ್ಮೆ ಕೇಳಿಬಿಡಿ.

2003ರ ಮಾರ್ಚ್. ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಅನ್ನುವ ಅಪಾರ್ಟ್‌ಮೆಂಟ್ ಸಮೂಹ. ಅದರ ಇ ಬ್ಲಾಕ್ 33 ಮಹಡಿಯದು, ಮಹಡಿಗೆ 8 ಮನೆ. ಸಾರ್ಸ್ ಅನ್ನುವ ಉಸಿರಾಟದ ಸಾಂಕ್ರಾಮಿಕ ರೋಗ ತಗುಲಿದ್ದ ಒಬ್ಬರು ಅಲ್ಲಿದ್ದ ತಮ್ಮ ಬಂಧುವಿನ ಮನೆಗೆ ಬಂದರು. ಅವರಿಗೆ ಭೇದಿಯೂ ಇತ್ತು. ಆ ಮನೆಯ ಶೌಚಾಲಯ ಬಳಸಿದರು, ಹೊರಟುಹೋದರು. ಕೆಲವೇ ವಾರಗಳಲ್ಲಿ ಆ ಸಮುಚ್ಚಯದ 300ಕ್ಕೂ ಹೆಚ್ಚು ಜನಕ್ಕೆ ಸೋಂಕು. 42 ಜನ ತೀರಿಕೊಂಡರು. ಇ ಬ್ಲಾಕಿನವರನ್ನು ಅಲ್ಲಿಂದ ತೆರವು ಮಾಡಿಸಬೇಕಾಯಿತು. ಮೇಲಿನ ಮನೆಯವರು ಕೆಳಗಿನವರ ಮುಖ ಕೂಡ ನೋಡಿರಲಿಕ್ಕಿಲ್ಲ. ಮತ್ತೆ ಹೇಗೆ ಹರಡಿತು?

ತನಿಖೆ ಮಾಡಿದವರ ಕಣ್ಣು ಬಚ್ಚಲಿನ ನೆಲದ ಟ್ರ್ಯಾಪಿನ ಮೇಲೆ ಬಿತ್ತು. ಆ ಬಾಗಿದ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಅಲ್ಲಿನ ಎಷ್ಟೋ ಮನೆಯವರು ನೆಲಕ್ಕೆ ನೀರು ಸುರಿದು ತೊಳೆಯುತ್ತಿರಲಿಲ್ಲ, ಒರೆಸುತ್ತಿದ್ದರು. ಟ್ರ್ಯಾಪು ಒಣಗಿತ್ತು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಚರಂಡಿ ಪೈಪಿನ ಗಾಳಿಯನ್ನೇ ಒಳಗೆ ಎಳೆಯಿತು. ಗಾಳಿಯ ಜೊತೆ ಕೊಳಚೆಯ ಸಣ್ಣ ಹನಿ, ಹನಿಯ ಜೊತೆ ವೈರಸ್. ಫ್ಯಾನು ಹೊರಗೆ ತಳ್ಳಿದ ಗಾಳಿ ಎರಡು ಮನೆಗಳ ನಡುವಿನ ಸಂದಿಯಲ್ಲಿ ಮೇಲೇರಿ ಬೇರೆ ಕಿಟಕಿಗಳಿಗೂ ನುಗ್ಗಿತು. ಅಲ್ಲಿ ಇಲ್ಲದೇ ಹೋದದ್ದು ನಾಲ್ಕೈದು ಸೆಂಟಿಮೀಟರ್ ನೀರು. ಇನ್ನು ಮುಂದೆ ಟ್ರ್ಯಾಪಿನ ಬಗ್ಗೆ ಆಕ್ಷೇಪ ಬಂದರೆ ದಯವಿಟ್ಟು ಯಾರನ್ನೂ ಬೈಯಬೇಡಿ. ಆ ನೀರು ಒಣಗದ ಹಾಗೆ ಏನು ವ್ಯವಸ್ಥೆ ಇದೆ ಅಂತ ನಿಮ್ಮ ಪ್ಲಂಬರನ್ನು ಕೇಳಿ.

ಆಯಿತು, ನೀರಿನ ಕಡೆಗೆ ಬರೋಣ. ರಸ್ತೆಯಲ್ಲಿ ಪೈಪ್ ಇದೆ ಅಂದ ಮಾತ್ರಕ್ಕೆ ನಮಗೆ ಬೇಕಾದಷ್ಟು ನೀರಿದೆ ಅಂತಲ್ಲ. ಬೆಳಗಿನ ಹೊತ್ತು ಎಲ್ಲರೂ ನಲ್ಲಿ ತಿರುಗಿಸಿದಾಗ ಒತ್ತಡ ಎಷ್ಟಿರುತ್ತದೆ? ಬೆಂಕಿ ಬಿದ್ದರೆ ಸಾಕಾಗುತ್ತದಾ? ಇದನ್ನೂ ಮೊದಲೇ ಬರವಣಿಗೆಯಲ್ಲಿ ಕೇಳಿ, ಚರಂಡಿಯ ಮಟ್ಟ ಕೇಳುವ ಅದೇ ಪತ್ರದಲ್ಲಿ. ಹಳೇ ಚರಂಡಿ ಪೈಪು ನಿಮ್ಮ ಸೈಟಿನ ಒಳಗೇ ಹಾದುಹೋಗಿದೆಯಾ ಅಂತಲೂ ಕೇಳಿ. ಅದರ ಮೇಲೆ ಪಿಲ್ಲರ್ ನಿಲ್ಲಿಸುವ ಹಾಗಿಲ್ಲ ಅಂತ ಆಮೇಲೆ ಗೊತ್ತಾದರೆ ಇಡೀ ನಕ್ಷೆ ಮತ್ತೆ ಬರೆಯಬೇಕು.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳಿಬಿಡುತ್ತೇನೆ. ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಬೇಡಿ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಅದೂ ಒಂದು ದೊಡ್ಡ ಕಾರಣ. ಕುಡಿಯುವ ನೀರಿನ ಪೈಪಿಗೆ ನೀರು ಹಿಂದಕ್ಕೆ ಹರಿಯದ ಹಾಗೆ ವಾಲ್ವ್ ಬೇಕೇ ಬೇಕು.

ಸಂಪ್ ಮತ್ತು ಮೀಟರ್ ಬಗ್ಗೆ ಹೇಳಬೇಕಿತ್ತು, ಬಿಡುತ್ತೇನೆ. ಆದರೆ ಇದೊಂದನ್ನು ಬಿಡುವ ಹಾಗಿಲ್ಲ. ತಪಾಸಣೆಗೆ ಬರುವವರು ನೋಡುವ ಮೊದಲು ಟ್ರೆಂಚ್ ಮುಚ್ಚಬೇಡಿ. ಮುಚ್ಚಿದರೆ ಮತ್ತೆ ಅಗೆಸುತ್ತಾರೆ, ಅದು ನ್ಯಾಯವೇ. ಪೈಪು ನಕ್ಷೆಯಲ್ಲಿ ಇದ್ದಲ್ಲೇ ಹೋಗುವುದು ಅಪರೂಪ, ಬಂಡೆ ಸಿಕ್ಕರೆ ಪಕ್ಕಕ್ಕೆ ತಿರುಗಿಸುತ್ತೀರಿ. ಅದು ನಿಜಕ್ಕೂ ಎಲ್ಲಿ, ಎಷ್ಟು ಆಳದಲ್ಲಿದೆ ಅಂತ ಅಳತೆ ಹಿಡಿದು, ಫೋಟೋ ತೆಗೆದು, ಆಸ್-ಬಿಲ್ಟ್ ಡ್ರಾಯಿಂಗಿನಲ್ಲಿ ಅದೇ ದಿನ ಗುರುತು ಮಾಡಿಸಿ. ಪ್ರಶ್ನೆಗಳಿದ್ದರೆ ಹೊರಗೆ ಸಿಗುತ್ತೇನೆ. ಯಾರಾದರೂ ಹೊಸ ಜಾಗ ನೋಡುತ್ತಿದ್ದರೆ ಮೊದಲು ಅವರು ಬನ್ನಿ.